ಐರೇಣಿ ಗಡಿಗೆಯಲ್ಲಿ ಹೂಕೋಸು

ನನ್ನ ಮದುವೆ ಮುರಿದುಬೀಳುವ ಹಂತಕ್ಕೆ ಹೋದದ್ದು ಜಾತಕದಿಂದಲ್ಲ, ನನ್ನ ಗುಣದಿಂದಲೂ ಅಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಒಂಬತ್ತು ಗಡಿಗೆ ಕೊಂಡದ್ದರಿಂದ. ಗುಣದ ವಿಷಯದಲ್ಲಿ ನಮ್ಮ ಅವ್ವನಿಗೆ ಬೇರೆ ಅಭಿಪ್ರಾಯವಿತ್ತು, ಆ ಮಾತು ಇಲ್ಲಿ ಬೇಡ.

ಯುದ್ಧದ ಕಾಲ ಅದು. ನಮ್ಮೂರು ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ ಕಡೆ. ಎಲ್ಲರ ಹೊಲದಲ್ಲೂ ರಾಗಿ, ಬಾವಿ ಇದ್ದವರಿಗೆ ಒಂದಿಷ್ಟು ತರಕಾರಿ. ಬೆಂಗಳೂರಿನ ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ, ಬಿಳೀ ಸಿಪಾಯಿಗಳು ತುಂಬಿಹೋಗಿದ್ದರು. ಅವರಿಗೆ ನಮ್ಮ ಬದನೆಕಾಯಿ ಸೇರದು, ಹೂಕೋಸೇ ಬೇಕು ಎಂದು ಮಾರ್ಕೆಟ್ಟಿನಲ್ಲಿ ಎಲ್ಲರೂ ಹೇಳುತ್ತಿದ್ದರು. ನಮ್ಮೂರಲ್ಲಿ ಹೂಕೋಸನ್ನು ಕಣ್ಣಾರೆ ಕಂಡವರು ಮೂವರೋ ನಾಲ್ವರೋ ಇದ್ದರು, ಅವರಲ್ಲಿ ನಾನೊಬ್ಬ ಎಂಬ ಜಂಬ ನನಗೆ. ಆಗ ನನಗೆ ಇಪ್ಪತ್ತೆರಡು ವರ್ಷ. ಮಿಡ್ಲ್ ಸ್ಕೂಲ್ ಪಾಸು ಮಾಡಿದ್ದೆ, ಆದ್ದರಿಂದ ಬೇಸಾಯ ಅಪ್ಪನಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದುಕೊಂಡಿದ್ದೆ.

ದಂಡಿನ ಬಂಗಲೆಯೊಂದರಲ್ಲಿ ಮಾಲಿಯಾಗಿದ್ದ ತಮಿಳಿನವನೊಬ್ಬ ನಮ್ಮಿಂದ ಗೊಬ್ಬರ ತರಿಸಿಕೊಳ್ಳುತ್ತಿದ್ದ. ಅವನು ನನ್ನ ಕಾಟ ತಡೆಯಲಾರದೆ ಒಂದು ಚಿಟಿಕೆ ಹೂಕೋಸಿನ ಬೀಜವನ್ನು ಸಿಗರೇಟು ಪೊಟ್ಟಣದ ಹೊಳೆಯುವ ಕಾಗದದಲ್ಲಿ ಮಡಿಸಿ ಕೊಟ್ಟ. ಸಾಸಿವೆ ಕಾಳಿಗೂ ಅದಕ್ಕೂ ವ್ಯತ್ಯಾಸವೇ ಕಾಣದು. ಕೊಡುವಾಗ ಒಂದು ಮಾತು ಹೇಳಿದ.

‘ಹೊರಗಡೆ ಹಾಕಬೇಡ ಸಾಮಿ. ಮಳೆ ಬಂದ್ರೆ ಬೀಜ ಹೋಯ್ತು, ಇರುವೆ ಬಂದ್ರೆ ಬೀಜ ಹೋಯ್ತು, ಕೋಳಿ ಬಂದ್ರೆ ನೀನೇ ಹೋದೆ. ಮನೆ ಒಳಗೆ ಇಟ್ಕೊಂಡು ಮಗು ತರ ಸಾಕು.’

ಮನೆಯೊಳಗೆ ಸಸಿ ಬೆಳೆಸುವುದೆಂದರೆ ನಮ್ಮ ಕಡೆ ನಗೆಪಾಟಲು. ರಾಗಿ ಪೈರೇ ಇರಲಿ, ಮೆಣಸಿನ ಸಸಿಯೇ ಇರಲಿ, ಒಟ್ಲು, ಅಂದರೆ ಸಸಿಮಡಿ, ಹಾಕುವುದು ಹೊಲದಲ್ಲಿ. ಮನೆಯೊಳಗೆ ಇರುವುದು ಮನುಷ್ಯರು ಮತ್ತು ದನ. ಆದರೆ ಬಂಗಲೆಯ ಮಾಲಿ ಹೇಳಿದ ಮೇಲೆ ಅದು ನನಗೆ ವೇದವಾಯಿತು.

ಗಡಿಗೆ ಬೇಕಲ್ಲ, ಕುಂಬಾರನ ಮನೆಗೆ ಹೋದೆ. ಅವನ ಅಟ್ಟದಲ್ಲಿ ಬಾಯಗಲದ ಒಂಬತ್ತು ಗಡಿಗೆಗಳು ಸಾಲಾಗಿ ಕೂತಿದ್ದವು. ಸುಣ್ಣ ಬಳಿದು, ಕೆಮ್ಮಣ್ಣಿನಲ್ಲಿ ಗೆರೆ ಎಳೆದು, ಚುಕ್ಕೆ ಇಟ್ಟು ಮಾಡಿದ ಐರೇಣಿ ಗಡಿಗೆಗಳು. ಮದುವೆ ಗೊತ್ತಾದ ಮನೆಯವರು ವಾದ್ಯ ಸಮೇತ ಹೋಗಿ, ಪೂಜೆ ಮಾಡಿ ತಂದು, ಮದುವೆಗೆಂದು ನವಧಾನ್ಯದ ಮೊಳಕೆ ಎಬ್ಬಿಸುವಂಥವು.

‘ಒಂದು ಮದ್ವೆ ನಿಂತೋಯ್ತು ಕಣಪ್ಪಾ,’ ಅಂದ ಕುಂಬಾರ. ‘ಒಬ್ಬರಿಗೆ ಅಂತ ಬಣ್ಣ ಬಳ್ದಿದ್ನ ಇನ್ನೊಬ್ರು ಮುಟ್ಟಾಕಿಲ್ಲ. ಕೊಟ್ಟಷ್ಟು ಕೊಟ್ಟು ಎತ್ಕೊಂಡೋಗು, ನನ್ನ ಅಟ್ಟ ಖಾಲಿ ಆಗ್ಲಿ.’

ಮಣ್ಣಿಗೆ ಗಡಿಗೆಯ ಬಣ್ಣ ಕಟ್ಟಿಕೊಂಡು ಏನಾಗಬೇಕು? ತಳಕ್ಕೆ ಮೊಳೆಯಿಂದ ತೂತು ಮಾಡಿ, ಒಂಬತ್ತನ್ನೂ ಗಾಡಿಯಲ್ಲಿ ಹೇರಿಕೊಂಡು ಬಂದೆ. ಅವ್ವ ಬಾಗಿಲಲ್ಲೇ ತಡೆದಳು.

‘ಏನ್ಲಾ ಇದು? ಕೂಸು ಹುಟ್ಟೋಕೆ ಮುಂಚೆ ಕುಲಾವಿ!’

‘ಮದ್ವೆಗಲ್ಲ ಕಣವ್ವಾ, ಕೋಸಿಗೆ.’

‘ಯಾರ ಮನೆ ಮುರಿದ ಮದ್ವೆ ಗಡಿಗೆನೋ ಏನೋ. ಅನಿಷ್ಟ!’

ಅನಿಷ್ಟವನ್ನು ಅವಳು ಒಂದು ದಿನಕ್ಕೆ ಮರೆತಳು, ಏಕೆಂದರೆ ಮರುದಿನ ಅದಕ್ಕಿಂತ ದೊಡ್ಡದನ್ನು ಮಾಡಿದೆ. ಮಣ್ಣಿನಲ್ಲಿ ಹುಳುವಿನ ಮೊಟ್ಟೆ ಇರುತ್ತದೆ, ಹುರಿದು ಹಾಕು ಎಂದು ಮಾಲಿ ಹೇಳಿದ್ದ. ಅವ್ವನ ಒಲೆಯ ಮೇಲೆ, ಅವ್ವನ ಬಾಣಲೆಯಲ್ಲಿ, ಅವ್ವನ ಸೌಟಿನಿಂದ ಕೆಮ್ಮಣ್ಣು ಹುರಿದೆ. ಅವ್ವ ಅಂದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಅಪ್ಪ ಜಗಲಿಯಿಂದ ಇಣುಕಿ ನೋಡಿ, ‘ಉಪ್ಪು ಹಾಕಿದ್ಯೇನಪ್ಪಾ?’ ಎಂದು ಕೇಳಿ ಹೋದರು. ಅಪ್ಪ ವಾರಕ್ಕೆ ಮೂರು ಮಾತಾಡುತ್ತಿದ್ದರು, ಅದರಲ್ಲಿ ಒಂದನ್ನು ನನಗಾಗಿ ಖರ್ಚು ಮಾಡಿದರು.

ಹುರಿದ ಮಣ್ಣಿಗೆ ಮರಳು, ಹಳೆಯ ಸಗಣಿ ಗೊಬ್ಬರದ ಪುಡಿ ಬೆರೆಸಿ ಜರಡಿ ಹಿಡಿದೆ. ಗಡಿಗೆಗೆ ತುಂಬಿ, ಬೀಜಗಳನ್ನು ಬೆಂಕಿಕಡ್ಡಿಯ ತುದಿಯಿಂದ ಒಂದೊಂದಾಗಿ ಇಟ್ಟೆ. ನಮ್ಮ ಮನೆಯಲ್ಲಿ ಬೆಳಕು ಬೀಳುವುದು ನಡುಮನೆಯಲ್ಲಿ, ದೇವರ ಕೋಣೆಯ ಪಕ್ಕ, ಹೆಂಚಿನ ಬೆಳಕಿಂಡಿಯ ಕೆಳಗೆ ಮಾತ್ರ. ಗಡಿಗೆಗಳನ್ನು ಅಲ್ಲಿ ಸಾಲಾಗಿ ಇಟ್ಟೆ. ಇರುವೆ ಬರದಿರಲೆಂದು ಸುತ್ತ ಬೂದಿ ಎಳೆದು, ಅದರ ಮೇಲೆ ಅರಿಶಿನ ಉದುರಿಸಿದೆ. ಈಗ ಯೋಚಿಸಿದರೆ, ಒಂದು ಜೊತೆ ಬಾಸಿಂಗ ಕಟ್ಟುವುದೊಂದು ಬಾಕಿ ಇತ್ತು.

ನಾಲ್ಕನೆಯ ದಿನ ಮೊಳಕೆ ಬಂತು. ಜೀವಮಾನದಲ್ಲಿ ಎಷ್ಟೋ ಬೆಳೆ ತೆಗೆದಿದ್ದೇನೆ, ಆದರೆ ಆ ದಿನದ ಸಂತೋಷ ಮತ್ತೆ ಬರಲಿಲ್ಲ. ಜೋಡಿ ಎಲೆಯ ಪುಟಾಣಿಗಳು, ಎಲ್ಲವೂ ಕತ್ತು ಚಾಚಿ ಬೆಳಕಿಂಡಿಯ ಕಡೆಗೇ ವಾಲಿದ್ದವು. ಪಂಕ್ತಿಯಲ್ಲಿ ಕೂತವರು ಪಾಯಸದ ಪಾತ್ರೆಯ ಕಡೆ ನೋಡುವ ಹಾಗೆ. ವಾಲಿದವು ನೆಟ್ಟಗಾಗಲೆಂದು ದಿನಕ್ಕೆ ನಾಲ್ಕು ಸಲ ಗಡಿಗೆ ತಿರುಗಿಸುತ್ತಿದ್ದೆ. ಬಿಸಿಲಿನ ಚೌಕ ಸರಿದಂತೆ ಗಡಿಗೆಗಳನ್ನೂ ಸರಿಸುತ್ತಿದ್ದೆ. ಮಧ್ಯಾಹ್ನ ಆ ಚೌಕ ಸರಿಯಾಗಿ ಅಪ್ಪನ ಮಂಚದ ಮೇಲೆ ಬರುತ್ತಿತ್ತು. ಅಪ್ಪ ಜಗಲಿಗೆ ಹೋಗಿ ಮಲಗತೊಡಗಿದರು.

ಇನ್ನು ಹೆಣ್ಣಿನ ವಿಷಯ. ಆಷಾಢಕ್ಕೆ ಮುಂಚೆಯೇ ದೊಡ್ಡಬೆಳವಂಗಲದ ಹತ್ತಿರ ಒಂದು ಹೆಣ್ಣು ನೋಡಿ ಬಂದಿದ್ದೆವು. ಅವ್ವ ಪದ್ಧತಿಯಂತೆ ‘ಅಡುಗೆ ಏನೇನು ಬರ್ತದವ್ವಾ?’ ಎಂದು ಕೇಳಿದ್ದಳು. ಹುಡುಗಿ ತಲೆ ತಗ್ಗಿಸಿಕೊಂಡೇ, ‘ತಿನ್ನೋರು ಬಂದ್ರೆ ಎಲ್ಲಾ ಬರ್ತದೆ’ ಅಂದಳು. ಅವ್ವನಿಗೆ ಅದು ವಿನಯವೋ ಉದ್ಧಟತನವೋ ತಿಳಿಯಲಿಲ್ಲ. ನನಗೆ ತಿಳಿಯಿತು. ಅಂದಿನಿಂದ ನನಗೆ ಬೇರೆ ಹೆಣ್ಣಿನ ಮಾತು ಬೇಡವಾಯಿತು. ಇದನ್ನು ಯಾರಿಗೂ ಹೇಳಲಿಲ್ಲ, ನಮ್ಮ ಕಾಲದಲ್ಲಿ ಹೇಳುವ ಪದ್ಧತಿ ಇರಲಿಲ್ಲ.

ಶ್ರಾವಣದಲ್ಲಿ ಅವರ ಕಡೆಯವರು ನಮ್ಮ ಮನೆ ನೋಡಲು ಬಂದರು. ಹುಡುಗಿಯ ಅಪ್ಪ, ಅವರ ಅಕ್ಕ. ಬಾವಿ ನೋಡಿದರು, ದನ ನೋಡಿದರು, ತಲೆಯಾಡಿಸಿದರು. ಆ ಅಕ್ಕನವರು ನೀರು ಕುಡಿಯುವ ನೆಪದಲ್ಲಿ ನಡುಮನೆಗೆ ಹೋದವರು ಬಿರುಗಾಳಿಯಂತೆ ಹೊರಗೆ ಬಂದು, ತಮ್ಮನ ಕಿವಿಯಲ್ಲಿ ಏನೋ ಅಂದರು. ಹುಡುಗಿಯ ಅಪ್ಪನ ಮುಖ ಕಪ್ಪಿಟ್ಟಿತು. ‘ಬಸ್ಸಿಗೆ ಹೊತ್ತಾಯ್ತು, ಬರ್ತೀವಿ’ ಅಂದರು. ಬಸ್ಸು ಇದ್ದದ್ದು ಸಂಜೆಗೆ. ಅವ್ವ ಮಾಡಿಟ್ಟ ಒಬ್ಬಟ್ಟು ಹಾಗೆಯೇ ಉಳಿಯಿತು. ಅಷ್ಟನ್ನೂ ಎರಡು ದಿನ ನಾವೇ ತಿಂದೆವು.

ಮೂರನೆಯ ದಿನ ಸಂಬಂಧ ತಂದವನು ಬಂದು ವಿಷಯ ಬಿಚ್ಚಿದ. ‘ಐರೇಣಿ ತಂದು, ಅರಿಶಿನ ಇಟ್ಟು, ನವಧಾನ್ಯ ಮೊಳೆ ಹಾಕಿ ಕೂತವ್ರೆ. ಒಂದು ಕಡೆ ಮದ್ವೆಗೆ ಮೊಳೆ ಹಾಕಿ ಇನ್ನೊಂದು ಕಡೆ ಹೆಣ್ಣು ನೋಡೋ ಮನೆಗೆ ನನ್ನ ಮಗಳ್ನ ಕೊಡಾಕಿಲ್ಲ ಅಂದವ್ರೆ. ನೆಲಮಂಗಲದ ಕಡೆಯಿಂದ ಇನ್ನೊಂದು ಗಂಡು ಬಂದೈತಂತೆ.’

ಅವ್ವ ನನ್ನ ಕಡೆ ನೋಡಿದಳು. ಬಾಣಲೆಯ ಸಿಟ್ಟು, ಗಡಿಗೆಯ ಸಿಟ್ಟು, ಒಬ್ಬಟ್ಟಿನ ಸಿಟ್ಟು ಎಲ್ಲಾ ಒಟ್ಟಿಗೆ ಬಂತು. ನಾನು ಹೋಗಿ ಗಡಿಗೆಗಳನ್ನು ಬಿಸಿಲಿನ ಚೌಕಕ್ಕೆ ಸರಿಸಿದೆ.

ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅನ್ನುತ್ತಾರೆ. ಹಾಗಾದರೆ ಪರಾಂಬರಿಸಲು ಅವರಿಗೇ ಕೊಟ್ಟುಬಿಡೋಣ ಎಂದುಕೊಂಡು ಮರುದಿನ ಒಂದು ಗಡಿಗೆಯನ್ನು ಸಸಿ ಸಮೇತ ಎತ್ತಿಕೊಂಡು ಹೊರಟೆ. ಬೇರೆ ಯಾವುದಾದರೂ ಮಡಕೆಗೆ ಸಸಿ ಬದಲಾಯಿಸಬಹುದಿತ್ತು. ಬುದ್ಧಿವಂತನಾಗಿದ್ದರೆ ಹಾಗೆ ಮಾಡುತ್ತಿದ್ದೆ.

ಪೆಟ್ರೋಲು ಇಲ್ಲದ ಕಾಲ, ಇದ್ದಿಲಿನ ಬಸ್ಸು. ಏರು ಬಂದಲ್ಲಿ ಎಲ್ಲರೂ ಇಳಿದು ತಳ್ಳಬೇಕು. ನಾನು ಮಾತ್ರ ಗಡಿಗೆ ಹಿಡಿದುಕೊಂಡು ಪಕ್ಕದಲ್ಲಿ ನಡೆದೆ. ‘ಐರೇಣಿ ಹಿಡಿದವರು ತಳ್ಳಬಾರದು’ ಎಂದು ಕಂಡಕ್ಟರೇ ಅಪ್ಪಣೆ ಕೊಟ್ಟ. ಹೊಸಕೋಟೆಯಲ್ಲಿ ಹತ್ತಿದ ಒಬ್ಬ ಮುದುಕಿ ಗಡಿಗೆಗೆ ಕುಂಕುಮ ಇಟ್ಟು ಕೈ ಮುಗಿದಳು. ‘ಯಾವಾಗಪ್ಪಾ ಮದ್ವೆ?’ ಎಂದು ಕೇಳಿದವಳಿಗೆ ಇದು ತರಕಾರಿ ಅಂದೆ. ಆಮೇಲೆ ಅವಳು ಬೆಂಗಳೂರಿನವರೆಗೂ ನನ್ನ ಜೊತೆ ಮಾತಾಡಲಿಲ್ಲ. ಬೆಂಗಳೂರಲ್ಲಿ ಬಸ್ಸು ಬದಲಾಯಿಸಿ, ದೊಡ್ಡಬಳ್ಳಾಪುರದಲ್ಲಿ ಮತ್ತೆ ಬದಲಾಯಿಸಿ, ಕೊನೆಯ ಎರಡು ಮೈಲಿ ನಡೆದು ಆ ಊರು ಸೇರುವ ಹೊತ್ತಿಗೆ ನನ್ನ ಹಿಂದೆ ಹತ್ತು ಹನ್ನೆರಡು ಜನ ಮೆರವಣಿಗೆಯಂತೆ ಬರುತ್ತಿದ್ದರು.

ಹುಡುಗಿಯ ಅಪ್ಪ ಬಾಗಿಲಿಗೆ ಬಂದರು. ನನ್ನನ್ನು ನೋಡಿದರು, ಗಡಿಗೆ ನೋಡಿದರು, ಹಿಂದಿನ ಜನರನ್ನು ನೋಡಿದರು.

‘ಅಯ್ಯೋ ನನ್ನ ಮರ್ಯಾದೆ! ಹೆಣ್ಣು ಕೊಡಾಕಿಲ್ಲ ಅಂದ್ರೆ ಐರೇಣಿ ಹೊತ್ಕೊಂಡು ಬಾಗ್ಲಿಗೇ ಬಂದವ್ನಲ್ಲೋ!’

ಒಳಗೆ ಕೂರಿಸಿದ್ದು ಜನರ ಕಣ್ಣು ತಪ್ಪಿಸಲು, ಮರ್ಯಾದೆಗಲ್ಲ. ಇದು ಹೂಕೋಸು, ಬಿಳೀ ಜನ ತಿನ್ನುವ ತರಕಾರಿ, ಮದುವೆಗೂ ಇದಕ್ಕೂ ಸಂಬಂಧವಿಲ್ಲ ಎಂದು ವಿವರಿಸಿದೆ. ಅವರು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡು ಅಗಿದರು. ನಾಲಿಗೆ ಚುರುಗುಟ್ಟಿತೇನೋ, ಕಣ್ಣು ಸಣ್ಣದಾಯಿತು.

‘ಸಾಸಿವೆ ಸೊಪ್ಪು! ನವಧಾನ್ಯ ಅಲ್ದಿದ್ರೆ ಸಾಸಿವೆ. ನಾನೇನು ನಿನ್ನೆ ಮೊನ್ನೆ ಹುಟ್ಟಿದೋನಾ?’

‘ಹೂಕೋಸೇ ಮಾವ. ದೇವರಾಣೆ.’

‘ಮಾವ ಗೀವ ಆಮೇಲೆ. ಬೆಳೆಯೋ ಸಿರಿ ಮೊಳಕೇಲಿ ಅಂತಾರೆ, ಆದ್ರೆ ಈ ಮೊಳಕೇಲಿ ನಂಗೆ ಸಾಸಿವೆನೇ ಕಾಣ್ತದೆ. ಒಂದು ಕೆಲ್ಸ ಮಾಡು. ಇದನ್ನ ಇಲ್ಲೇ ಬಿಟ್ಟೋಗು. ನಮ್ಮ ಹಿತ್ಲಲ್ಲಿ ನೀನು ಹೇಳಿದಂಗೆ ಹೂ ಬಿಟ್ರೆ ಮಾತಾಡಾನ. ಒಣಗೋದ್ರೆ ದೇವರೇ ಬ್ಯಾಡ ಅಂದ ಅಂತ ತಿಳ್ಕೊಂಡು ನೆಲಮಂಗಲದೋರಿಗೆ ಮಾತು ಕೊಡ್ತೀನಿ.’

ಒಪ್ಪಿದೆ. ಬೇರೆ ದಾರಿ ಇರಲಿಲ್ಲ. ಸಸಿ ನೋಡಿಕೊಳ್ಳುವವಳು ಹುಡುಗಿಯೇ ಎಂದು ಗೊತ್ತಾಯಿತು, ಆದರೆ ಅವಳ ಜೊತೆ ಮಾತಾಡುವುದು ಹೇಗೆ? ಅವಳಿದ್ದದ್ದು ಅಡುಗೆಮನೆಯ ಗೋಡೆಯ ಆಚೆ. ನಾನು ಎದ್ದು ನಿಂತು, ಆ ಗೋಡೆಗೆ ಎದುರಾಗಿ, ಗಟ್ಟಿಯಾಗಿ ಹೇಳಿದೆ: ‘ದಿನಾ ಬೆಳಿಗ್ಗೆ ಕೈಯಲ್ಲಿ ಚಿಮುಕಿಸುವಷ್ಟು ನೀರು ಸಾಕು. ಹದಿನೈದು ದಿನ ಒಳಗೇ ಇರಲಿ. ಆಮೇಲೆ ಹಿತ್ತಲಲ್ಲಿ ನೆಟ್ಟು ಬುಟ್ಟಿ ಮುಚ್ಚಬೇಕು. ದಯವಿಟ್ಟು ಕೋಳಿ ಹತ್ತಿರ ಬರದಂತೆ ನೋಡಿಕೊಳ್ಳಬೇಕು.’

ಗೋಡೆಯ ಆಚೆಯಿಂದ ಉತ್ತರ ಬಂತು. ‘ಕೋಳಿಗೂ ಒಂದು ಮಾತು ಹೇಳಿ ಹೋಗ್ಲಿ.’

ಹುಡುಗಿಯ ಅಪ್ಪ ಕೆಮ್ಮಿದರು. ನಾನು ಆ ಊರಿನಿಂದ ಹೇಗೆ ನಡೆದು ಬಂದೆನೋ ನೆನಪಿಲ್ಲ.

ಉಳಿದ ಎಂಟು ಗಡಿಗೆಗಳ ಸಸಿಗಳನ್ನು ಬಾವಿಯ ಪಕ್ಕ ಮಡಿ ಮಾಡಿ ನಾಟಿ ಹಾಕಿದೆ. ಅವಕ್ಕೆ ನೀರು ಕಟ್ಟುವಾಗೆಲ್ಲ ನನ್ನ ಮನಸ್ಸು ಒಂಬತ್ತನೆಯ ಗಡಿಗೆಯಲ್ಲಿತ್ತು. ಗೌರಿ ಹಬ್ಬ ಹೋಯಿತು, ನವರಾತ್ರಿ ಹೋಯಿತು, ಆ ಕಡೆಯಿಂದ ಸುದ್ದಿಯಿಲ್ಲ. ಒಣಗಿತು ಎಂಬ ಸುದ್ದಿ ಬರದಿರುವುದೇ ಸುಖ ಎಂದು ಅವ್ವ ಹೇಳುತ್ತಿದ್ದಳು. ಅವಳಿಗೂ ಒಳಗೊಳಗೆ ಆ ಹುಡುಗಿಯೇ ಬೇಕಾಗಿದ್ದಳೆಂದು ಆಗ ತಿಳಿಯಿತು.

ದೀಪಾವಳಿ ಕಳೆದ ಎರಡನೆಯ ದಿನ, ಹುಡುಗಿಯ ಅಪ್ಪ ನಮ್ಮ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಬೇರು ಸಮೇತ ಕಿತ್ತ ಒಂದು ಗಿಡ. ಬಸ್ಸಿನ ಇದ್ದಿಲಿನ ಮಸಿಯಿಂದ ಅವರ ಮುಖ ಕಪ್ಪಾಗಿತ್ತು. ಗಿಡದ ತುಂಬಾ ಹಳದಿ ಹೂ.

‘ನೋಡಯ್ಯಾ ನಿನ್ನ ಹೂಕೋಸು! ಬಿಟ್ಟೈತೆ ಹೂವ! ಇದು ಸಾಸಿವೆ ಅಲ್ದಿದ್ರೆ ನಾನು ಬೇಸಾಯಗಾರನೇ ಅಲ್ಲ!’

ನೋಡಿದೆ. ಸಾಸಿವೆಯೇ. ಯಾವ ಕಡೆ ತಿರುಗಿಸಿದರೂ ಸಾಸಿವೆ. ಮಾಲಿ ನನಗೆ ಮೋಸ ಮಾಡಿ ಎರಡನ್ನೂ ಬೆರೆಸಿ ಕೊಟ್ಟನೋ ಏನೋ ಅಂದುಕೊಂಡೆ. ಕೈ ಹಿಡಿದು ಎಳೆದುಕೊಂಡು ಹೋದ ಹಾಗೆ ಅವರನ್ನು ಬಾವಿಯ ಹತ್ತಿರ ಕರೆದುಕೊಂಡು ಹೋದೆ.

ಮಡಿಯ ತುಂಬಾ ಹೂಕೋಸು. ಅಗಲ ಎಲೆಗಳ ನಡುವೆ ಮುಷ್ಟಿ ಗಾತ್ರದ್ದು, ತೆಂಗಿನಕಾಯಿ ಗಾತ್ರದ್ದು, ಬೆಳ್ಳಗೆ ಕೂತಿದ್ದವು. ಅವರು ಕುಕ್ಕರುಗಾಲಲ್ಲಿ ಕೂತು ಒಂದನ್ನು ಬೆರಳಲ್ಲಿ ಒತ್ತಿ ನೋಡಿದರು. ಎಲೆ ಕಿತ್ತು ಅಗಿದರು. ತುಂಬಾ ಹೊತ್ತು ಅಗಿದರು.

‘ಇದಾ ಹೂವ?’ ಅಂದರು ಕೊನೆಗೆ. ‘ಇದು ಹೂವಾ?’

ಅವ್ವ ಅಂದು ಅದರದೇ ಹುಳಿ ಮಾಡಿದಳು. ಮೂರು ಸಲ ಹಾಕಿಸಿಕೊಂಡರು. ಕೈ ತೊಳೆದ ಮೇಲೆ ಅನುಮಾನ ಮತ್ತೆ ತಲೆ ಎತ್ತಿತು. ‘ಎಲ್ಲಾ ಸರಿ. ಮತ್ತೆ ನಮ್ಮನೇದು ಯಾಕಂಗಾಯ್ತು?’

ಆಗ ಜಗಲಿಯ ಮೂಲೆಯಿಂದ ಅಪ್ಪ ಆ ವಾರದ ಎರಡನೆಯ ಮಾತು ಆಡಿದರು. ‘ಮಣ್ಣಿನ ಗುಣ.’

ಹುಡುಗಿಯ ಅಪ್ಪ ಯೋಚಿಸಿದರು. ಮೆಲ್ಲಗೆ ಮುಖ ಅರಳಿತು. ‘ಅದು ಸರಿ. ನಮ್ಮ ಮಣ್ಣು ಖಾರ. ಬಿಳೀ ಜನದ ಬೀಜ ಅಂದ್ರೂ ಬಗ್ಗಿಸಿಬಿಟ್ಟೈತೆ ನೋಡಿ!’ ಅಂದರು. ಕ್ಷಮೆ ಕೇಳುವ ಪ್ರಮೇಯವೂ ತಪ್ಪಿತು, ಊರಿಗೊಂದು ಹಿರಿಮೆಯೂ ಸಿಕ್ಕಿತು. ಸಾಯುವವರೆಗೂ ಬಂದವರಿಗೆಲ್ಲ ಹೇಳುತ್ತಿದ್ದರು, ನಮ್ಮ ಹಿತ್ತಲ ಮಣ್ಣಿಗೆ ಬಿದ್ದರೆ ಹೂಕೋಸು ಸಾಸಿವೆಯಾಗುತ್ತದೆ ಎಂದು.

ಮಾಘದಲ್ಲಿ ಮದುವೆಯಾಯಿತು. ಐರೇಣಿಗೆ ಹೋದಾಗ ಕುಂಬಾರ, ‘ಈ ಸಲ ಯಾವ ತರಕಾರಿಗೆ?’ ಎಂದು ವಾದ್ಯದವರ ಮುಂದೆ ಕೇಳಿದ. ಹಳೆಯ ಎಂಟು ಗಡಿಗೆಗಳು ಬಣ್ಣ ಹೋದ ಮೇಲೂ ನಮ್ಮ ನಡುಮನೆಯಲ್ಲಿ ಉಳಿದವು, ವರ್ಷ ವರ್ಷವೂ ಶ್ರಾವಣದಲ್ಲಿ ಅವುಗಳಲ್ಲೇ ಸಸಿ ಎಬ್ಬಿಸುತ್ತಿದ್ದೆವು. ಮಣ್ಣು ಹುರಿಯುವುದು ನನ್ನ ಕೆಲಸ, ಜರಡಿ ಹಿಡಿಯುವುದು ಅವಳದು. ಹೂಕೋಸು ಬೆಳೆಸಿ ಹೆಣ್ಣು ಗೆದ್ದವನು ಎಂದು ನಾನು ನೆಂಟರಿಷ್ಟರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದೆ.

ಮಾವ ತೀರಿಕೊಂಡ ವರ್ಷ, ಅಂಥದೇ ಒಂದು ಶ್ರಾವಣದ ಬೆಳಿಗ್ಗೆ, ಇಬ್ಬರೂ ಗಡಿಗೆಗೆ ಮಣ್ಣು ತುಂಬುತ್ತಿದ್ದೆವು. ಅವರ ನೆನಪಾಗಿ, ‘ಆದರೂ ನಿಮ್ಮ ಮಣ್ಣಿನ ಗುಣವೇ ಗುಣ’ ಅಂದೆ.

ಅವಳು ಜರಡಿ ನಿಲ್ಲಿಸಿದಳು. ‘ಇನ್ನು ಹೇಳ್ಬೋದು,’ ಅಂದಳು. ‘ನೀವು ಹೋದ ಮೂರನೇ ದಿನಾನೇ ಕೋಳಿ ಒಳಗ್ನುಗ್ಗಿ ಅಷ್ಟೂ ಸಸಿ ಕೆದಕಿ ತಿಂದ್ಬಿಡ್ತು. ಒಂದೂ ಉಳೀಲಿಲ್ಲ. ಅಪ್ಪನಿಗೆ ಹೇಳಿದ್ರೆ ಅವತ್ತೇ ನೆಲಮಂಗಲದೋರಿಗೆ ಮಾತು ಹೋಗೋದು. ಒಗ್ಗರಣೆ ಡಬ್ಬಿಯಿಂದ ಒಂದು ಚಿಟಿಕೆ ಸಾಸಿವೆ ತಂದು ಉದುರಿಸ್ದೆ. ಅದು ನಾಲ್ಕೆಲೆ ಬಿಡೋವರೆಗೂ ಅಪ್ಪನ ಮುಂದೆ ಬುಟ್ಟಿ ತೆಗೀಲಿಲ್ಲ, ಬುಟ್ಟಿ ಮುಚ್ಚು ಅಂತ ಅವರೇ ಹೇಳವ್ರಲ್ಲ ಅಂತ ನಿಮ್ಮ ಮೇಲೆ ಹಾಕ್ದೆ.’

ನನ್ನ ಕೈಯಲ್ಲಿದ್ದ ಮಣ್ಣು ಹಾಗೆಯೇ ಉಳಿಯಿತು. ‘ಹೂ ಬಿಟ್ಟಾಗ ಗೊತ್ತಾಗೋದಲ್ಲ?’

‘ಗೊತ್ತಾಗ್ಲಿ ಅಂತಾನೇ. ಅಪ್ಪನ ಸಿಟ್ಟು ನಂಗೆ ಗೊತ್ತಿಲ್ವಾ? ಗಿಡ ಕಿತ್ಕೊಂಡು ನಿಮ್ಮನೆಗೆ ಜಗಳಕ್ಕೆ ಬಂದೇ ಬರ್ತಾರೆ. ಅಷ್ಟೊತ್ಗೆ ನಿಮ್ಮ ಹೊಲ್ದಲ್ಲಿ ನಿಜವಾದ್ದು ಬೆಳ್ದಿರ್ತದೆ. ಬೆಳೀದೆ ಇದ್ದಿದ್ರೆ ಏನ್ಮಾಡೋಳೋ, ಅದು ಮಾತ್ರ ಯೋಚ್ನೆ ಮಾಡಿರ್ಲಿಲ್ಲ.’

ಇಷ್ಟು ವರ್ಷ ನಾನು ಗೆದ್ದೆನೆಂದು ಬೀಗಿದ್ದೆ. ಆ ಹದಿನೇಳರ ಹುಡುಗಿ ಅಪ್ಪನಿಗೆ ಹೆದರುತ್ತಾ, ದಿನಾ ಬುಟ್ಟಿ ಎತ್ತಿ ಸುಳ್ಳು ಗಿಡಕ್ಕೆ ನೀರು ಚಿಮುಕಿಸಿದ್ದನ್ನು ನೆನೆದು ಕಣ್ಣು ತುಂಬಿ ಬಂತು. ‘ನನ್ನ ಮುಖಾನೂ ನೀನು ಸರಿಯಾಗಿ ನೋಡಿರಲಿಲ್ಲವಲ್ಲೇ. ಅಷ್ಟೊಂದು ಯಾಕೆ ಮಾಡಿದೆ?’ ಎಂದು ಕೇಳಿದೆ.

‘ಗೋಡೆ ಜೊತೆ ದಯವಿಟ್ಟು ಅಂದ್ಕೊಂಡು ಮಾತಾಡೋ ಗಂಡಸನ್ನ ನಮ್ಮೂರಲ್ಲಿ ನಾನು ನೋಡಿರ್ಲಿಲ್ಲ,’ ಅಂದಳು. ಆಮೇಲೆ ಜರಡಿಯನ್ನು ನನ್ನ ಕೈಗೆ ಕೊಟ್ಟು, ನಡುಮನೆಗೆ ನುಗ್ಗಿದ್ದ ಕೋಳಿ ಓಡಿಸಲು ಎದ್ದಳು.